ತೆಂಕು ಕೂಗುವ ಕಡಲು

ಮಿನಿಕಾಯ್
4 ಮೇ 2025

ಪ್ರೀತಿಯ ಅಪ್ಪಯ್ಯ,

ಈ ಕಾಲದಲ್ಲಿ ದ್ವೀಪದಿಂದ ಹಡಗಿನಲ್ಲಿ ಹೋಗುವ ಪತ್ರ ಯಾರು ಬರೆಯುತ್ತಾರೆ ಅಂತ ಇಲ್ಲಿಯ ಪೋಸ್ಟಾಫೀಸಿನವರು ನಕ್ಕರು. ನಾನೂ ನಕ್ಕೆ. ಆದರೆ ಫೋನಿನಲ್ಲಿ ನಿಮ್ಮ ಹತ್ತಿರ ಮಾತಾಡಿ ನನಗೆ ಸಾಕಾಗಿದೆ. ಮೊನ್ನೆ ಅಮ್ಮನ ಮಂಡಿನೋವು ಹೇಗಿದೆ ಅಂತ ಕೇಳಿದರೆ "ಹ್ಞಾಂ, ಹ್ಞಾಂ, ಆಯ್ತ್, ಇಡ್ತೆ" ಅಂದು ಇಟ್ಟೇಬಿಟ್ಟಿರಿ. ಅದರ ಹಿಂದಿನ ಸಲವೂ ಹಾಗೇ. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲವಾ? ನಾನು ಹವಾಮಾನ ಕಚೇರಿಯ ಕೆಲಸಕ್ಕೆ ಹೊರಟ ದಿನ "ಗಾಳಿ ಅಳೆಯೂಕೆ ಹೋಪ್ದ್ ಒಂದ್ ಕೆಲ್ಸವಾ?" ಅಂದಿದ್ದಿರಿ. ಕೋಟದ ಬಸ್ ಸ್ಟಾಪಿನ ತನಕ ತಮ್ಮ ರತನ್ ಬಂದ, ಅಮ್ಮ ಬಂದಳು, ನೀವು ಬರಲಿಲ್ಲ. ಇರಲಿ. ಬರೆಯುವುದು ನಿಮಗೆ ಇಷ್ಟ ಅಂತ ನನಗೆ ಗೊತ್ತು. ಮುಂಬಯಿಯ ಹೋಟೆಲುಗಳಲ್ಲಿದ್ದ ಹುಡುಗರಿಗೆ ಪಡುಕರೆಯ ತಾಯಂದಿರ ಪತ್ರಗಳನ್ನೆಲ್ಲ ಬರೆದುಕೊಟ್ಟವರು ನೀವೇ ಅಲ್ಲವಾ? ನನಗೂ ಒಂದು ಬರೆಯಿರಿ.

ನನ್ನ ಕೆಲಸ ಏನು ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೆಳಗ್ಗೆ ಒಂದು, ಸಂಜೆ ಒಂದು ದೊಡ್ಡ ಬೆಲೂನಿಗೆ ಗ್ಯಾಸು ತುಂಬಿಸಿ ಮೇಲಕ್ಕೆ ಬಿಡುವುದು. ಅದರ ಕೆಳಗೆ ಅಂಗೈಯಷ್ಟು ದೊಡ್ಡ ಡಬ್ಬಿ ನೇತಾಡುತ್ತಿರುತ್ತದೆ. ಅದು ಮೋಡ ದಾಟಿ ಮೇಲೆ ಹೋಗುತ್ತಾ ಹೋಗುತ್ತಾ ಎಲ್ಲಿ ಎಷ್ಟು ಗಾಳಿ, ಎಷ್ಟು ತೇವ, ಎಷ್ಟು ಚಳಿ ಅಂತ ಹೇಳುತ್ತಿರುತ್ತದೆ. ಕೊನೆಗೆ ಬೆಲೂನು ಒಡೆದು ಡಬ್ಬಿ ಕಡಲಿಗೆ ಬೀಳುತ್ತದೆ. ಅಷ್ಟರಲ್ಲಿ ಅದು ಹೇಳಿದ್ದೆಲ್ಲ ದೊಡ್ಡ ಕಂಪ್ಯೂಟರುಗಳಿಗೆ ತಲುಪಿ, ನಾಳೆಯ ಮಳೆಯ ಲೆಕ್ಕಕ್ಕೆ ಸೇರಿರುತ್ತದೆ.

ಬೆಲೂನು ಕಣ್ಣಿಗೆ ಕಾಣದಷ್ಟು ಸಣ್ಣದಾಗುವಾಗ ನನಗೆ ನಿಮ್ಮದೇ ನೆನಪು. ಸಂಜೆ ಕಡಲ ದಡದ ಹೊಯಿಗೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಕಣ್ಣ್ ಮುಚ್ಕೋ. ಕಡ್ಲ್ ಎಲ್ಲ್ ಕೂಗ್ತಾ ಇತ್ತ್, ಹೇಳ್ ಕಾಂಬ. ತೆಂಕಾ, ಬಡ್ಗಾ?" ಅನ್ನುತ್ತಿದ್ದಿರಿ. ತೆಂಕಿನ ದಿಕ್ಕಿನಿಂದ ಮೊರೆದರೆ ಮಳೆ ಗಾಳಿ, ಬಡಗಿನಿಂದ ಮೊರೆದರೆ ಮಳೆ ಬಿಟ್ಟು ಹೊಳವು. ನಾನು ಯಾವಾಗಲೂ ತಪ್ಪು ಹೇಳುತ್ತಿದ್ದೆ. ನೀವು ನಕ್ಕು ನನ್ನ ಕಿವಿ ಹಿಂಡುತ್ತಿದ್ದಿರಿ. ಆ ಕಿವಿಯೇ ನನ್ನನ್ನು ಇಲ್ಲಿಗೆ ತಂದಿದ್ದು ಅಂತ ಎಷ್ಟೋ ಸಲ ಅನ್ನಿಸಿದೆ.

ಮುಂಗಾರು ಮೊದಲು ಈ ದ್ವೀಪದ ಮೇಲೆ ಹಾದು ಆಮೇಲೆ ನಿಮ್ಮ ಕಡೆಗೆ ಬರುತ್ತದೆ. ನಾನು ನೋಡಿ ಕಳಿಸಿದ ಮಳೆ ಅಂತ ತಿಳಿದುಕೊಳ್ಳಿ.

ನಿಮ್ಮ ಉತ್ತರದ ದಾರಿ ನೋಡುತ್ತಿರುವ
ದಿವ್ಯಾ


ಕೋಟ ಪಡುಕರೆ
23 ಮೇ 2025

ಮಗಳು ದಿವ್ಯಾಳಿಗೆ,

ಎಲ್ಲರೂ ಕ್ಷೇಮ ಅಂತ ಮೊದಲು ಬರೆಯಬೇಕು, ಬರೆದಿದ್ದೇನೆ. ಅಮ್ಮನ ಮಂಡಿನೋವು ಹಾಗೇ ಇದೆ. ಈಗ ನಿಜವಾದ ಸುದ್ದಿ. ಓದಿ ನಿನ್ನ ಮನಸ್ಸಿನಲ್ಲೇ ಇಟ್ಟುಕೋ.

ನನಗೆ ಸಿಟ್ಟೂ ಇಲ್ಲ, ಮಣ್ಣೂ ಇಲ್ಲ. ನನಗೆ ಕಿವಿ ಕೇಳುವುದಿಲ್ಲ.

ಎಡಗಿವಿ ಹೋದ ದೀಪಾವಳಿಗೇ ಕೈಕೊಟ್ಟಿತ್ತು. ಬಲಗಿವಿಯಲ್ಲಿ ಯಾರಾದರೂ ಹತ್ತಿರ ಬಂದು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಫೋನಿನಲ್ಲಿ ನಿನ್ನ ಮಾತು ಡಬ್ಬಿಯೊಳಗೆ ನೊಣ ಸೇರಿಕೊಂಡ ಹಾಗೆ. ಅದಕ್ಕೇ "ಹ್ಞಾಂ". ಮನೆಯಲ್ಲಿ ತುಟಿ ನೋಡಿ ಸುಧಾರಿಸುತ್ತೇನೆ. ನಿನ್ನ ಅಮ್ಮ "ಇವ್ರಿಗೆ ಪ್ರಾಯ ಆತಾ ಆತಾ ಗಾಂಚಾಲಿ ಜಾಸ್ತಿ ಆಯ್ತ್" ಅಂತ ಪಕ್ಕದ ಮನೆ ಜಲಜಳ ಹತ್ತಿರ ದೂರುತ್ತಾಳೆ. ಅವಳ ತುಟಿ ನೋಡಿ ಇದನ್ನೂ ತಿಳಿದುಕೊಂಡೆ. ಗಾಂಚಾಲಿ ಅಂತಲೇ ಇರಲಿ, ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ.

ಕಡಲು ಎದುರಿಗೇ ಇದೆ. ತೆರೆ ಏಳುವುದು ಕಾಣುತ್ತದೆ, ಬೀಳುವುದು ಕಾಣುತ್ತದೆ, ಸದ್ದಿಲ್ಲ. ಟಿ.ವಿ.ಯ ಸದ್ದು ಪೂರ್ತಿ ತೆಗೆದು ನೋಡಿದ ಹಾಗೆ. ಅರುವತ್ತು ವರ್ಷ ಕೇಳಿದ ಸದ್ದು ಮಗಾ. ಅದಿಲ್ಲದೆ ನಿದ್ದೆ ಹತ್ತುವುದಿಲ್ಲ.

ನನ್ನ ಹೆದರಿಕೆ ಬೇರೆಯೇ ಇದೆ. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ರಜೆ, ನಾಡದೋಣಿಯದ್ದೇ ಕಾಲ. ಮೊದಲ ತೂಫಾನು ಬಂದು ಕಡಲಿನ ಅಡಿ ಕಲಕಿ ಹೋದ ಮೇಲೆ ದೋಣಿ ಇಳಿಸುವ ಬೆಳಗ್ಗೆ ನಮ್ಮ ಕಡಲಬದಿಯ ಕರೆಯಲ್ಲಿ ಕಡಲು ಕೇಳುವ ಕ್ರಮ ನಿನಗೆ ಗೊತ್ತಲ್ಲ. ಕಾಯಿ ಒಡೆದು, ಎಲ್ಲರೂ ಮಾತು ನಿಲ್ಲಿಸಿ, ದೋಣಿ ನಡೆಸುವವರ ಹಿರಿ ತಾಂಡೇಲ ಹೊಯಿಗೆಯಲ್ಲಿ ಕೂತು ಕಿವಿಗೆ ಕೈ ಕೊಟ್ಟು ತೆಂಕೋ ಬಡಗೋ ಹೇಳಬೇಕು. ದೋಣಿ ಬಿಟ್ಟು ಕೂತು ವರ್ಷಗಳಾದರೂ ಈಗಲೂ ಆ ಹಿರಿ ತಾಂಡೇಲ ನಾನೇ. ನನ್ನ ದೋಣಿ ನಡೆಸುವವನು ರತನ್. ಒಂದು ದೋಣಿಗೆ ಮೂವತ್ತು ಜನ. ಅಷ್ಟೂ ಜನ ನನ್ನ ಬಾಯಿ ನೋಡುತ್ತಾರೆ.

ನೀನು ಅಲ್ಲಿಂದ ಹೇಳು, ನಾನು ಇಲ್ಲಿ ಹೇಳುತ್ತೇನೆ. ನಿನ್ನ ಬೆಲೂನು ಕಂಡಿದ್ದನ್ನು ನನ್ನ ಕಿವಿ ಕೇಳಿತು ಅಂದರೆ ಯಾರಿಗೇನು ನಷ್ಟ?

ಅಪ್ಪಯ್ಯ
ತಿಮ್ಮ


ಮಿನಿಕಾಯ್
14 ಜೂನ್ 2025

ಪ್ರೀತಿಯ ಅಪ್ಪಯ್ಯ,

ನಿಮ್ಮ ಪತ್ರವನ್ನು ಕಚೇರಿಯ ಮೆಟ್ಟಿಲಿನಲ್ಲಿ ಕೂತು ಓದಿದೆ. ಆಮೇಲೆ ಅಲ್ಲೇ ಕೂತು ಅತ್ತೆ. ಸಿಟ್ಟು ಅಂತ ತಿಳಿದು ಇಷ್ಟು ದಿನ ನಾನೂ ಬಿಗಿದುಕೊಂಡೇ ಇದ್ದೆನಲ್ಲ ಅಂತ ನನ್ನ ಮೇಲೇ ಬೇಜಾರಾಯಿತು.

ಕುಂದಾಪುರಕ್ಕೆ ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿ. ಈಗ ಉಗುರಿನಷ್ಟು ಸಣ್ಣ ಮೆಷಿನುಗಳು ಬಂದಿವೆ. ಅಮ್ಮನಿಗೆ ಹೇಳಿಬಿಡಿ. ನೀವು ಹೇಳುವುದಿಲ್ಲ ಅಂತಲೂ ನನಗೆ ಗೊತ್ತು.

ನೀವು ಕೇಳಿದ ವಿಷಯ. ಹವಾಮಾನದ ಮುನ್ಸೂಚನೆ ಅಂದರೆ ಒಣಮೀನಲ್ಲ ಅಪ್ಪಯ್ಯ, ಕಟ್ಟಿ ಹಡಗಿನಲ್ಲಿ ಕಳಿಸಲು. ಐದಾರು ದಿನಕ್ಕೆ ಹಳಸುತ್ತದೆ. ಈ ಪತ್ರ ನಿಮ್ಮ ಕೈಗೆ ಬರುವಷ್ಟರಲ್ಲಿ ನಾನು ಇವತ್ತು ಕಂಡ ಮೋಡ ಘಟ್ಟ ಹತ್ತಿ ಇಳಿದಿರುತ್ತದೆ. ಫೋನಿಗೆ ಬರೆದು ಕಳಿಸೋಣ ಅಂದರೆ ಮನೆಯ ದೊಡ್ಡ ಫೋನು ಇರುವುದು ಅಮ್ಮನ ಕೈಯಲ್ಲಿ. ಬಂದಿದ್ದನ್ನೆಲ್ಲ ಜಲಜಕ್ಕ ಗಟ್ಟಿಯಾಗಿ ಓದಿ ಹೇಳುತ್ತಾರೆ.

ಇಷ್ಟು ಮಾಡಬಹುದು. ದೋಣಿ ಇಳಿಸುವ ದಿನ ಗೊತ್ತಾದ ಕೂಡಲೇ ರತನ್ ನನಗೆ ಹೇಳಿಯೇ ಹೇಳುತ್ತಾನೆ. ಅವತ್ತು ಬೆಳಗ್ಗೆ ನಾನು ಅಮ್ಮನ ಫೋನಿಗೆ ಒಂದು ಫೋಟೋ ಕಳಿಸುತ್ತೇನೆ. ತೆಂಗಿನ ಮರದ ಫೋಟೋ ಬಂದರೆ ಬಡಗು, ಹೋಗಬಹುದು. ಬೆಲೂನಿನ ಫೋಟೋ ಬಂದರೆ ತೆಂಕು, ಹೋಗಬಾರದು.

ಒಪ್ಪಿದ್ದೇನೆ, ಆದರೆ ಮನಸ್ಸಿಲ್ಲದೆ. ನಾವು ಕಚೇರಿಯಲ್ಲಿ ಯಾವುದನ್ನೂ ಆಗಿಯೇ ಆಗುತ್ತದೆ ಅಂತ ಹೇಳುವುದಿಲ್ಲ. ಆಗುವ ಸಾಧ್ಯತೆ ಇಷ್ಟು, ಆಗದಿರುವ ಸಾಧ್ಯತೆ ಇಷ್ಟು ಅಂತ ಹೇಳುತ್ತೇವೆ. ಅದನ್ನು ಒಂದು ತೆಂಗಿನ ಮರಕ್ಕೆ ಕಟ್ಟಿಹಾಕಲು ನನಗೆ ಹೆದರಿಕೆ. ನಿಮಗೂ ಒಂದೊಂದು ಸಲ ಹೀಗೆ ಹೆದರಿಕೆ ಆಗುತ್ತಿತ್ತಾ? ಆಗುತ್ತಿತ್ತು ಅಂತಾದರೆ ಮುಖದಲ್ಲಿ ತೋರಿಸಲೇ ಇಲ್ಲ ನೀವು.

ನಿಮ್ಮ
ದಿವ್ಯಾ


ಕೋಟ ಪಡುಕರೆ
3 ಜುಲೈ 2025

ದಿವ್ಯಾ,

ತೆಂಗಿನ ಮರ ಬಡಗು, ಬೆಲೂನು ತೆಂಕು. ತಲೆಯಲ್ಲಿ ಕೂತಿದೆ. ಪರೀಕ್ಷೆಗೆ ಅಂತ ನೀನು ಕಳಿಸಿದ ಬೆಲೂನಿನ ಫೋಟೋವನ್ನು ಜಲಜ ನೋಡಿ "ಇದೆಂತ, ಮದಿ ಮನಿದಾ?" ಅಂತ ಕೇಳಿದಳಂತೆ. ನಿನ್ನ ಅಮ್ಮ ಹೌದು ಅಂದಳಂತೆ. ಈಗ ಕೇರಿಯಲ್ಲಿ ನಿನಗೆ ದ್ವೀಪದಲ್ಲೇ ಮದುವೆ ಗೊತ್ತಾಗಿದೆ ಅಂತ ಸುದ್ದಿ. ಅನುಭವಿಸು.

ಹೆದರಿಕೆ ಆಗುತ್ತಿತ್ತಾ ಅಂತ ಕೇಳಿದ್ದೀ. ಹಿಂದೆ ಹಂಗಾರಕಟ್ಟೆ ಬಂದರಿನ ಕಂಬಕ್ಕೆ ಕಪ್ಪು ಬುಟ್ಟಿಯಂಥದ್ದು ಏರಿಸಿದರೆ ಗಾಳಿ ಬರುತ್ತದೆ ಅಂತ ಅರ್ಥ. ಅದನ್ನು ನೋಡಲು ಇಲ್ಲಿಂದ ಒಬ್ಬ ಸೈಕಲ್ ತುಳಿದು ಹೋಗಬೇಕು. ಆಮೇಲೆ ಅಂಗಡಿಯ ರೇಡಿಯೋ ಬಂತು. ಸಂಜೆ ಮೀನುಗಾರರಿಗೆ ಸೂಚನೆ ಓದುವಾಗ ಇಡೀ ಕರೆ ಅಂಗಡಿಯ ಮುಂದೆ. ಬ್ಯಾಟರಿ ಮುಗಿದ ದಿನ ಎಲ್ಲರೂ ತಿರುಗಿ ನನ್ನ ಮುಖ ನೋಡುತ್ತಿದ್ದರು. ಆಗ ಆಗುತ್ತಿತ್ತು. ದೋಣಿಗಳೆಲ್ಲ ವಾಪಸು ಬರುವ ತನಕ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಡಾಕ್ಟರ ಹತ್ತಿರ ಮಳೆಗಾಲ ಕಳೆದು ಹೋದರಾಯಿತು. ತೂಫಾನು ಇನ್ನೂ ಆಗಿಲ್ಲ. ಎಲ್ಲರೂ ಬಲೆ ಪೋಣಿಸಿ ಕಾಯುತ್ತಿದ್ದಾರೆ.

ಅಪ್ಪಯ್ಯ


ಕೋಟ ಪಡುಕರೆ
27 ಜುಲೈ 2025

ದಿವ್ಯಾ,

ಸುದ್ದಿ ರತನ್ ಹೇಳಿರಬೇಕು. ಅವನು ಹೇಳಿದ್ದು ಒಂದು, ನನ್ನೊಳಗೆ ನಡೆದದ್ದು ಒಂದು. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಆ ಬೆಳಗ್ಗೆ ನೀನು ನೋಡಬೇಕಿತ್ತು. ತೂಫಾನು ಕಳೆದು ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿಯ ಸುಳಿವಿಲ್ಲ, ತೆಂಗಿನ ಗರಿ ಅಲ್ಲಾಡುವುದಿಲ್ಲ. ಎಷ್ಟೋ ದಿನದಿಂದ ಕೈ ಕಟ್ಟಿ ಕೂತಿದ್ದ ಹುಡುಗರು ದೋಣಿಯ ಬದಿ ಹಿಡಿದೇ ನಿಂತಿದ್ದರು. ಎತ್ತರದ ತೆರೆ ಬರುತ್ತದೆ, ಸಣ್ಣ ದೋಣಿ ಇಳಿಸಬೇಡಿ ಅಂತ ಎಲ್ಲರ ಫೋನಿಗೂ ಸರಕಾರದ ಸೂಚನೆ ಬಂದಿತ್ತಂತೆ. ಆದರೆ ಹೋದ ವರ್ಷವೂ ಹಾಗೇ ಬಂದು, ಏನೂ ಆಗದೆ, ಎಲ್ಲರೂ ಮನೆಯಲ್ಲಿ ಕೂತು ಒಣಮೀನಿನ ಸಾರು ತಿಂದಿದ್ದರು. ಈ ಸಲ ಯಾರಿಗೂ ಅದರ ಲೆಕ್ಕವಿಲ್ಲ. ಅಮ್ಮನ ಫೋನು ನೋಡಿದೆ. ನಿನ್ನ ಬೆಲೂನು ಬಂದಿತ್ತು.

ಕಾಯಿ ಒಡೆದರು. ಎಲ್ಲರೂ ಸುಮ್ಮನಾದರು ಅಂತ ಅವರ ಬಾಯಿ ನೋಡಿ ತಿಳಿದೆ. ನಾನು ಹೊಯಿಗೆಯಲ್ಲಿ ಕೂತೆ, ಕಿವಿಗೆ ಕೈ ಕೊಟ್ಟೆ. ಎಷ್ಟು ಹೊತ್ತು ಹಾಗೆ ಕೂರಬೇಕು ಅಂತ ಗೊತ್ತಾಗಲಿಲ್ಲ ಮಗಾ. ಮೊದಲು ಆ ಸದ್ದೇ ಹೇಳುತ್ತಿತ್ತು, ಸಾಕು ಏಳು ಅಂತ. ಎದ್ದು "ತೆಂಕ್" ಅಂದೆ. ಎಲ್ಲರ ಮುಖ ಬಾಡಿತು.

ಅಷ್ಟಕ್ಕೇ ಮುಗಿಯುತ್ತದೆ ಅಂತ ನಾವಿಬ್ಬರೂ ತಿಳಿದಿದ್ದೆವು. ನೀನು ಸಣ್ಣವಳು, ನಿನಗೆ ನೆನಪಿಲ್ಲ. ನಾನು ಮುದುಕ, ನನಗಾದರೂ ನೆನಪಿರಬೇಕಿತ್ತು. ತೆಂಕು ಅಂದರೆ ಎರಡನೇ ಪ್ರಶ್ನೆ ಇದ್ದೇ ಇದೆ. ಚೆನ್ನಯ್ಯ ನನ್ನ ಪ್ರಾಯದವನು, ಅವನು ಮುಂದೆ ಬಂದು ಕೇಳಿದ. ಅವನ ತುಟಿ ನೋಡದೆಯೂ ನನಗೆ ಗೊತ್ತು ಅದು. "ಹತ್ರವಾ, ದೂರವಾ? ಮದ್ಯಾನದೊಳಗೆ ಹೋಯ್ ಬಪ್ಪುಕ್ ಆತ್ತಾ?"

ನಿನ್ನ ಬೆಲೂನಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಹತ್ತಿರ ಅಂದುಬಿಡಬಹುದಿತ್ತು, ಎಲ್ಲ ದೋಣಿಗಳೂ ನಿಲ್ಲುತ್ತಿದ್ದವು. ಬಾಯಿಯ ತನಕ ಬಂದಿತ್ತು. ಆಗ ರತನ್‌ನ ಮುಖ ಕಂಡಿತು. ಸಣ್ಣವನಿದ್ದಾಗ ದೋಣಿಯ ಬದಿಯಲ್ಲಿ ನಿಂತು ನೋಡುತ್ತಿದ್ದನಲ್ಲ, ಹಾಗೇ ನೋಡುತ್ತಿದ್ದ. ಈ ಮುಖಕ್ಕೆ ನಾನು ಯಾವತ್ತೂ ಅಂದಾಜಿನ ಮೇಲೆ ಹೇಳಿದವನಲ್ಲ. ನನ್ನಿಂದ ಆಗಲಿಲ್ಲ. "ನಂಗೆ ಕೇಂತಿಲ್ಲೆ ಮಕ್ಕಳೆ. ಎರಡ್ ಕೆಮಿಯೂ ಹೋಯ್ತ್. ತೆಂಕ್ ಅಂತ ಹೇಳದ್ ನಾನಲ್ಲ, ನನ್ ಮಗಳ್. ಅವ್ಳ್ ದ್ವೀಪದಂಗೆ ಕೂಕಂಡ್ ಕಂಡ್ ಹೇಳದ್. ನಾ ಅವ್ಳ್ ಮಾತ್ ನಂಬ್ತೆ. ನೀವೂ ನಂಬಿ" ಅಂದೆ. ಎಷ್ಟು ಗಟ್ಟಿಯಾಗಿ ಅಂದೆನೋ ಗೊತ್ತಿಲ್ಲ. ಕೇರಿಯ ಆ ತುದಿಗೂ ಕೇಳಿತಂತೆ.

ಇಲ್ಲಿಂದ ಮುಂದೆ ಆಡಿದ ಮಾತುಗಳನ್ನು ರತನ್ ಆಮೇಲೆ ನನ್ನ ಬಲಗಿವಿಯಲ್ಲಿ ಕೂಗಿ ಹೇಳಿದ್ದು. ಉಲ್ಲಾಸ್ ಅಂತ ಹೊಸ ತಾಂಡೇಲ ಇದ್ದಾನಲ್ಲ, ಅವನು ನಕ್ಕ. "ಫೋನಂಗೆ ಬಂದದ್ದೇ ಆರೆ ಅದ್ ನಮ್ಗೂ ಬಂದಿತ್ತ್. ಇದ್ರಂಗೆ ಕೇಂಬುದ್ ಎಂತ ಇತ್ತ್?" ಅಂದು ತನ್ನ ದೋಣಿಗೆ ಕೈ ಹಾಕಿದ. ಅವನ ಹಿಂದೆ ಅವನ ದೋಣಿಯವರೂ ಕೈ ಹಾಕಿದರು.

ಆಗ ನಿನ್ನ ಅಮ್ಮ ಬಂದಳು. ಕಡಲು ಕೇಳುವ ಹೊತ್ತಿಗೆ ಹೆಂಗಸರು ಬಲೆಯ ರಾಶಿ ದಾಟಿ ಮುಂದೆ ಬರುವ ಕ್ರಮವಿಲ್ಲ. ನನ್ನ ಬೆಳ್ಳಿ ದಾಟಿದಳು. ಆ ಮಂಡಿಯಲ್ಲಿ ಹೊಯಿಗೆಗೆ ಕೂತಳು. ಕಿವಿಗೆ ಕೈ ಕೊಟ್ಟು ಕೇಳಿ ಎದ್ದು, "ತೆಂಕೇ. ಹತ್ರ ಇತ್ತ್. ಮದ್ಯಾನಕ್ಕೆ ಬತ್ತ್" ಅಂದಳು. ನಿನಗೆ ಹೇಗೆ ಗೊತ್ತು ಅಂತ ಚೆನ್ನಯ್ಯ ಕೇಳಿದ್ದಕ್ಕೆ, "ನೀವೆಲ್ಲ ಕಡ್ಲಿಗ್ ಹೋದಾಗ ಇಷ್ಟ್ ವರ್ಷ ಹೊಯ್ಗಿ ಮೇಲ್ ಕೂಕಂಡ್ ಕಡ್ಲ್ ಕೇಂತಾ ಇದ್ದದ್ ಯಾರ್?" ಅಂದಳು.

ರತನ್ ದೋಣಿ ಮೇಲೆ ಎಳೆಸಿದ. ಚೆನ್ನಯ್ಯನವರ ದೋಣಿಯೂ ನಿಂತಿತು. ಉಲ್ಲಾಸ್ ಹೋದ.

ಮಧ್ಯಾಹ್ನ ಗಾಳಿಯಿಲ್ಲದೆ ಬಂತು ತೆರೆ. ಉದ್ದ, ನಿಧಾನ, ಒಂದರ ಹಿಂದೆ ಒಂದು. ನಮ್ಮ ಬಲೆಯ ಚಪ್ಪರ ಹೋಯಿತು, ರಸ್ತೆಯ ಕಲ್ಲುಗಳು ಹೋದವು. ಉಲ್ಲಾಸನ ದೋಣಿ ವಾಪಸು ಬರುವಾಗ ತೆರೆ ಒಡೆಯುವ ಜಾಗದಲ್ಲಿ ಮಗುಚಿತು. ದೇವರು ದೊಡ್ಡವನು, ಎಲ್ಲರೂ ಈಜಿ ದಡ ಸೇರಿದರು. ಉಲ್ಲಾಸನ ಕೈ ಮುರಿಯಿತು. ದೋಣಿ ಎರಡು ತುಂಡು.

ಮರುದಿನ ನೋಡಲು ಹೋದೆ. ಕೈಗೆ ಪಟ್ಟಿ ಹಾಕಿಸಿಕೊಂಡು ಕೂತಿದ್ದ. ನನ್ನ ಕಿವಿಯ ಹತ್ತಿರ ಬಂದು ಹೇಳಿದ. "ನೀವ್ ಹತ್ರ ಅಂತ ಒಂದ್ ಸುಳ್ಳ್ ಹೇಳಿರೂ ನಾ ನಿಲ್ತಿದ್ದೆ."

ಅದೊಂದು ಸರಿಯಾಗಿ ಕೇಳಿತು ದಿವ್ಯಾ. ಅವತ್ತಿನಿಂದ ಅದೇ ಕೇಳುತ್ತಿದೆ. ನಾನು ಮಾಡಿದ್ದು ಸರಿಯಾ?

ಅಪ್ಪಯ್ಯ


ಮಿನಿಕಾಯ್
19 ಆಗಸ್ಟ್ 2025

ಪ್ರೀತಿಯ ಅಪ್ಪಯ್ಯ,

ನೀವು ಬರೆದ ಆ ಬೆಳಗ್ಗೆಯ ಹಿಂದಿನ ದಿನವೇ ಇಲ್ಲಿ ಕಡಲು ಜೆಟ್ಟಿಯ ರಸ್ತೆ ಹತ್ತಿತ್ತು. ಗಾಳಿಯಿಲ್ಲ, ಮೋಡವಿಲ್ಲ. ದೂರದ ದಕ್ಷಿಣ ಸಮುದ್ರದಲ್ಲಿ ಎಂದೋ ಎದ್ದ ಬಿರುಗಾಳಿ ತಳ್ಳಿದ ತೆರೆ ಅದು. ಗಾಳಿ ಅಲ್ಲೇ ಸತ್ತರೂ ತೆರೆ ಮಾತ್ರ ನಡೆಯುತ್ತಾ ನಡೆಯುತ್ತಾ ನಮ್ಮ ತನಕ ಬರುತ್ತದೆ. ನಾನು ಚಿಕ್ಕವಳಿದ್ದಾಗ ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ. ಈಗ ನೀರಿನ ಮೇಲೆ ತೇಲುವ ಯಂತ್ರಗಳಿವೆ, ತೆರೆಯ ಎತ್ತರ ಅಳೆಯುವ ಉಪಗ್ರಹಗಳಿವೆ. ಎಲ್ಲ ಲೆಕ್ಕ ನನ್ನ ಎದುರಿಗಿತ್ತು. ಎಷ್ಟು ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತದೆ ಅನ್ನುವುದೂ ಇತ್ತು. ಅಷ್ಟೆಲ್ಲ ಇಟ್ಟುಕೊಂಡು ನಾನು ಕಳಿಸಿದ್ದು ಒಂದು ಬೆಲೂನಿನ ಫೋಟೋ. ಉಲ್ಲಾಸಣ್ಣನ ಕೈ ಮುರಿದದ್ದರಲ್ಲಿ ನನ್ನ ಪಾಲೂ ಇದೆ.

ಆದರೆ ನೀವು ಮಾಡಿದ್ದು ಸರಿ. ಆ ಸುಳ್ಳಿನಿಂದ ಉಲ್ಲಾಸಣ್ಣ ಆ ಒಂದು ದಿನ ನಿಲ್ಲುತ್ತಿದ್ದ. ಮುಂದಿನ ವರ್ಷ ನನ್ನ ಫೋಟೋ ಬಾರದಿದ್ದರೆ, ನೆಟ್‌ವರ್ಕ್ ಹೋಗಿದ್ದರೆ ಏನು ಹೇಳುತ್ತಿದ್ದಿರಿ? ಆಗ ಮೂವತ್ತು ಜನ ಕೇಳದ ಕಿವಿಯನ್ನು ನಂಬಿ ಕಡಲಿಗೆ ಇಳಿಯುತ್ತಿದ್ದರು. ಇನ್ನು ಮೇಲೆ ದೋಣಿ ಇಳಿಸುವ ದಿನ ನಾನು ರತನ್‌ಗೇ ಫೋನ್ ಮಾಡುತ್ತೇನೆ. ಎಷ್ಟು ಹೊತ್ತಿಗೆ, ಎಷ್ಟು ಎತ್ತರ, ಎಷ್ಟು ನಂಬಬಹುದು, ಎಲ್ಲ ಬಾಯಿಬಿಟ್ಟು ಹೇಳುತ್ತೇನೆ.

"ನನ್ ಮಗಳ್" ಅಂತ ಇಡೀ ಕರೆಗೆ ಕೇಳುವ ಹಾಗೆ ಹೇಳಿದಿರಂತೆ. ಅಷ್ಟನ್ನೇ ರತನ್‌ನ ಬಾಯಲ್ಲಿ ಎಷ್ಟು ಸಲ ಹೇಳಿಸಿದೆನೋ! ಕೋಟದ ಬಸ್ ಸ್ಟಾಪಿನ ಸಿಟ್ಟು ನನಗೆ ಈಗಿಲ್ಲ.

ಡಾಕ್ಟರ ಹತ್ತಿರ ಹೋಗಿ. ಇನ್ನು ಮುಚ್ಚಿಡಲು ಏನೂ ಉಳಿದಿಲ್ಲವಲ್ಲ.

ನಿಮ್ಮ ಮಗಳು
ದಿವ್ಯಾ


ಕೋಟ ಪಡುಕರೆ
9 ನವೆಂಬರ್ 2025

ಮಗಳು ದಿವ್ಯಾಳಿಗೆ,

ಮೆಷಿನ್ ಬಂತು. ಬಲಗಿವಿಗೆ ಮಾತ್ರ. ಎಡಗಿವಿಯಿಂದ ಇನ್ನೇನೂ ಗಿಟ್ಟುವುದಿಲ್ಲ ಅಂದರು ಡಾಕ್ಟರು. ಹಾಕಿಕೊಂಡು ಬಸ್ಸಿನಲ್ಲಿ ಬರುವಾಗ ತಲೆ ಚಿಟ್ಟು ಹಿಡಿಯಿತು. ಲೋಕದಲ್ಲಿ ಇಷ್ಟು ಗಲಾಟೆ ಇತ್ತು ಅಂತ ಮರೆತೇ ಹೋಗಿತ್ತು. ಮನೆಗೆ ಬಂದರೆ ನಿನ್ನ ಅಮ್ಮ ಹಳೆಯ ಅಭ್ಯಾಸಕ್ಕೆ ಕೂಗಿಯೇ ಮಾತಾಡಿಸುತ್ತಾಳೆ. ನನ್ನ ಕಿವಿಯ ಸುದ್ದಿ ಅವಳಿಗೆ ಹೋದ ವರ್ಷದ ದೀಪಾವಳಿಯಿಂದಲೇ ಗೊತ್ತಿತ್ತಂತೆ. ಊಟಕ್ಕೆ ಕೂರುವಾಗ ಅವಳು ಬಲಗಡೆಗೆ ಜಾಗ ಬದಲಿಸಿದ್ದು ಸುಮ್ಮನೆ ಅಂತ ನಾನು ತಿಳಿದಿದ್ದೆ. "ಹೇಳ್ತ್ರಿ, ಹೇಳ್ತ್ರಿ ಅಂತ ಕಾಯ್ತಾ ಇದ್ದೆ" ಅಂದಳು. ಗಾಂಚಾಲಿ ಅಂತ ಜಲಜಳಿಗೆ ಹೇಳಿದ್ದು ನನ್ನ ಮಾನ ಉಳಿಸಲು. ಇಂಥವಳ ಜೊತೆ ಇಷ್ಟು ವರ್ಷ ಬಾಳಿದೆ ನೋಡು, ಕಿವಿ ಚೆನ್ನಾಗಿದ್ದಾಗಲೂ ನನಗೆ ಎಷ್ಟು ಕೇಳುತ್ತಿತ್ತು ಅಂತ ಈಗ ಅನುಮಾನ.

ಸಂಜೆ ಕಡಲಿಗೆ ಹೋದೆವು. ಕೇಳಿತು. ಕೂತು ಅತ್ತುಬಿಟ್ಟೆ, ಅದರಲ್ಲಿ ನಾಚಿಕೆ ಏನು? ಆದರೆ ಒಂದು ಸಂಗತಿ. ಒಂದೇ ಕಿವಿಗೆ ದಿಕ್ಕು ಗೊತ್ತಾಗುವುದಿಲ್ಲ ಮಗಾ. ತೆಂಕಿನದೂ ಬಡಗಿನದೂ ಎಲ್ಲ ಸೇರಿ ನನ್ನ ತಲೆಯೊಳಗೇ ಮೊರೆಯುತ್ತದೆ. ನಾನು ಈಚೆ ತಿರುಗಿದೆ, ಆಚೆ ತಿರುಗಿದೆ, ಏನೂ ವ್ಯತ್ಯಾಸವಿಲ್ಲ. ಸಣ್ಣವಳಿದ್ದಾಗ ನೀನು ಹೇಳುತ್ತಿದ್ದ ಹಾಗೆ ನಾನೂ ಈಗ ತಪ್ಪೇ ಹೇಳುತ್ತೇನೆ. ಇನ್ನು ಕಡಲು ಕೇಳುವವಳು ಬೆಳ್ಳಿ. ಕರೆಯವರೆಲ್ಲ ಒಪ್ಪಿದ್ದಾರೆ, ಉಲ್ಲಾಸನೂ ಒಪ್ಪಿದ್ದಾನೆ. ನೀನು ರತನ್‌ಗೆ ಹೇಳುವುದು, ಅವಳು ಕೇಳುವುದು, ಎರಡೂ ಸೇರಿದರೆ ದೋಣಿ ಇಳಿಯುವುದು. ನನ್ನ ಪಾಲಿಗೆ ಕಾಯಿ ಒಡೆಯುವ ಕೆಲಸ ಉಳಿದಿದೆ. ಅದನ್ನು ಬಿಟ್ಟುಕೊಡುವುದಿಲ್ಲ.

ನಿನ್ನೆ ನೀನು ಫೋನ್ ಮಾಡಿದೆಯಲ್ಲ. ಅಮ್ಮ ಅದನ್ನು ನನ್ನ ಬಲಗಿವಿಗೆ ಹಿಡಿದಳು. ಒಂದು ವರ್ಷದ ಮೇಲೆ ನಿನ್ನ ಸ್ವರ ಸರಿಯಾಗಿ ಕೇಳಿದ್ದು. ನೀನು "ಅಪ್ಪಯ್ಯಾ, ಕೇಂತಾ?" ಅಂದೆ. ನಾನು ಹ್ಞಾಂ ಅಂದೆ, ಈ ಸಲ ನಿಜವಾದ ಹ್ಞಾಂ. ಆಮೇಲೆ ನೀನು ಫೋನನ್ನು ನಿನ್ನ ದ್ವೀಪದ ಕಡಲಿಗೆ ಹಿಡಿದೆ. ಸ್ವಲ್ಪ ಹೊತ್ತು ಮೊರೆಯಿತು. ಮೊದಲಿನ ಹಾಗೇ ತಮಾಷೆ ಮಾಡಿದೆ ನೀನು, "ಕಡ್ಲ್ ಎಲ್ಲ್ ಕೂಗ್ತಾ ಇತ್ತ್, ಹೇಳಿ ಕಾಂಬ" ಅಂತ. ನಾನು ಅಮ್ಮನ ಕೈ ಸಮೇತ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಲೇ ಇದ್ದೆ. ಕೇಳಿಸಲಿಲ್ಲ ಅಂತ ತಿಳಿದು ನೀನು ಫೋನ್ ಇಟ್ಟುಬಿಟ್ಟೆ.

ಕೇಳಿಸಿತ್ತು. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ತೆಂಕು. ನೀನಿರುವ ದಿಕ್ಕು ಗೊತ್ತಾಗಲು ನನಗೆ ಎರಡು ಕಿವಿ ಬೇಡ.

ಅಪ್ಪಯ್ಯ